ಗೌರಿ ಹೂವು: ಬರಗಾಲದಲ್ಲಿ ಅಡಗಿ ಕೂರುವ ಬಳ್ಳಿ

ಆಳಂದ, ಅಫಜಲಪುರ, ಜೇವರ್ಗಿ ಎಂದರೆ ತೊಗರಿ, ಜೋಳ ಮತ್ತು ಬೇಸಿಗೆಯಲ್ಲಿ ಬಾಯಿಬಿಡುವ ಎರೆ ನೆಲ. ಮುಂಗಾರು ಹಿಡಿದ ಮೇಲೆ ಇಂಥ ಸೀಮೆಯ ಮುಳ್ಳಬೇಲಿ, ಹಳ್ಳದ ದಂಡೆಗಳಲ್ಲಿ ಗೌರಿ ಹೂವು ಅರಳುತ್ತದೆ. ಅಗ್ನಿಶಿಖೆ, ಕೋಳಿಕುಟುಮ ಎಂದೂ ಕರೆಯುತ್ತಾರೆ. ಗಡಿಯಾಚೆಯ ಮರಾಠಿಯಲ್ಲಿ ಅದು ಕಳಲಾವಿ. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸಾ ಸುಪರ್ಬಾ. ಬೇಲಿ ಕಿತ್ತು ಬದುವನ್ನೂ ಉಳುವ ಕಾಲದಲ್ಲಿ ಅದು ಕಣ್ಣಿಗೆ ಬೀಳುವುದು ಅಪರೂಪ. ಕಂಡವರು ಅದರ ಬಗ್ಗೆ ಹೇಳುವುದರಲ್ಲಿ ಅರ್ಧ ತಪ್ಪು, ಕೆಲವು ಅಪಾಯಕಾರಿ ತಪ್ಪು.

ತಪ್ಪು ಕಲ್ಪನೆ: ಕೆಂಪು ಹೂವಿನದು ಒಂದು ಜಾತಿ, ಹಳದಿಯದು ಇನ್ನೊಂದು.

ವಾಸ್ತವ: ಒಂದೇ ಹೂವಿನ ಬೇರೆ ಬೇರೆ ವಯಸ್ಸು. ಬಿಚ್ಚುವಾಗ ಹಸಿರು ಮಿಶ್ರಿತ ಹಳದಿ, ಆಮೇಲೆ ತುದಿ ಕೆಂಪು, ಕೊನೆಗೆ ಪೂರ್ತಿ ಕೆಂಪು. ಅಂಚು ಅಲೆಯಲೆಯಾದ ಆರು ದಳಗಳು ಹಿಂದಕ್ಕೆ ಮಡಚಿ ಮೇಲಕ್ಕೆ ನಿಲ್ಲುತ್ತವೆ. ಪಳಗಿದ ಕಣ್ಣು ಮಾತ್ರ ದಳ ಬಿಟ್ಟು ಶಲಾಕೆಯನ್ನು ನೋಡುತ್ತದೆ: ಅಂಡಾಶಯದಿಂದ ಹೊರಡುವ ಈ ಎಳೆ ತನ್ನ ಬುಡದಲ್ಲೇ ಪಕ್ಕಕ್ಕೆ ಲಂಬವಾಗಿ ಬಾಗಿರುತ್ತದೆ. ಹೂವಿಲ್ಲದ ದಿನಗಳಲ್ಲಿ ಎಲೆಯ ತುದಿ ನೋಡಿ. ತುದಿಯೇ ಸುರುಳಿಯಾಗಿ ಆಸರೆ ಹಿಡಿದಿದ್ದರೆ ಗೌರಿ ಹೂವು ಎಂದು ಬಹುಮಟ್ಟಿಗೆ ಖಚಿತ. ಕಾಡುಗೆಣಸಿನ ಬಳ್ಳಿಯಲ್ಲಿ ಈ ಸುರುಳಿ ಇಲ್ಲ.

ತಪ್ಪು ಕಲ್ಪನೆ: ಬರ ತಡೆಯುವ ಗಿಡ, ಬಿಸಿಲಿಗೆ ಜಗ್ಗುವುದಿಲ್ಲ.

ವಾಸ್ತವ: ಜಗ್ಗುತ್ತದೆ, ಆದರೆ ಸಾಯುವುದಿಲ್ಲ. ಕಾಯಿ ಬಲಿತ ಮೇಲೆ ಬಳ್ಳಿ ಪೂರ್ತಿ ಒಣಗಿ ಬೀಳುತ್ತದೆ. ಕವಲೊಡೆದ ಗಡ್ಡೆಯೊಂದು ಬೇಸಿಗೆಯುದ್ದಕ್ಕೂ ನೆಲದೊಳಗೆ ಸುಮ್ಮನಿದ್ದು ಮುಂದಿನ ಮಳೆಗೆ ಚಿಗುರುತ್ತದೆ. ಮನೆಯಲ್ಲಿ ಬೆಳೆಸುವವರು ಸೋಲುವುದು ಇಲ್ಲೇ. ಬಳ್ಳಿ ಒಣಗಿತೆಂದು ಕನಿಕರಪಟ್ಟು ಏಪ್ರಿಲ್‌ನಲ್ಲಿ ನೀರು ಹಾಕುತ್ತಾರೆ, ಗಡ್ಡೆ ಕೊಳೆಯುತ್ತದೆ. ಎಲೆ ಹಳದಿಯಾದ ದಿನದಿಂದ ನೀರು ನಿಲ್ಲಿಸಿ, ಜೂನ್‌ವರೆಗೆ ಆ ಕುಂಡವನ್ನು ಮರೆತುಬಿಡುವುದೇ ಆರೈಕೆ.

ಎರೆ ಮಣ್ಣು ಬಲು ಫಲವತ್ತು, ಅದರಲ್ಲೇ ನೆಟ್ಟರಾಯಿತು ಎನ್ನುವುದೂ ಸರಿಯಲ್ಲ. ಈ ಮಣ್ಣು ನೀರು ಹಿಡಿದಿಟ್ಟುಕೊಳ್ಳುವುದರಿಂದ ಹಿಂಗಾರಿ ಜೋಳ ಬದುಕುತ್ತದೆ. ಅದೇ ಗುಣ ಈ ಗಡ್ಡೆಗೆ ಕಂಟಕ. ಮಸಾರಿ ಮಣ್ಣು, ಮರಳು, ಸ್ವಲ್ಪ ಗರಸು ಬೆರೆಸಿ ಏರುಮಡಿ ಮಾಡಿ, ಎರಡು-ಮೂರು ಇಂಚು ಆಳದಲ್ಲಿ ಗಡ್ಡೆಯನ್ನು ಅಡ್ಡ ಮಲಗಿಸಬೇಕು. ಪ್ರತಿ ಕವಲಿನ ತುದಿಯಲ್ಲಿ ಒಂದೇ ಮೊಳಕೆಕಣ್ಣು. ಅದು ಮುರಿದರೆ ಆ ಕವಲು ಚಿಗುರುವುದಿಲ್ಲ, ಎಷ್ಟು ಗೊಬ್ಬರ ಹಾಕಿದರೂ. ಹಬ್ಬಲು ತಂತಿಯೋ ಒಣ ಟೊಂಗೆಯೋ ಇದ್ದರೆ ಸಾಕು.

ತಪ್ಪು ಕಲ್ಪನೆ: ನಾಟಿ ಔಷಧಿ ತಾನೆ, ಚೂರು ಅರೆದು ಕೊಟ್ಟರೆ ಏನಾಗುತ್ತದೆ?

ವಾಸ್ತವ: ಸಾವು ಬರಬಹುದು. ಗಿಡದ ಎಲ್ಲ ಭಾಗಗಳಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ, ಗಡ್ಡೆ ಮತ್ತು ಬೀಜದಲ್ಲಿ ಹೆಚ್ಚು. ಬೇಯಿಸಿದರೂ ಅದು ಹೋಗುವುದಿಲ್ಲ. ಶ್ರೀಲಂಕಾದಲ್ಲಿ ಗೆಣಸೆಂದು ತಿಳಿದು ತಿಂದು ಸತ್ತವರಿದ್ದಾರೆ. ಮೊದಲು ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ. ಆಮೇಲೆ ರಕ್ತಕಣ ಹುಟ್ಟುವ ಅಸ್ಥಿಮಜ್ಜೆಯೇ ಕುಸಿಯುತ್ತದೆ, ಬದುಕುಳಿದವರ ತಲೆಗೂದಲು ಉದುರುತ್ತದೆ. ಹೆರಿಗೆ ಬೇಗ ಆಗಲೆಂದು ಈ ಗಡ್ಡೆ ಬಳಸುವ ಹಳೆಯ ರೂಢಿಯನ್ನಂತೂ ಯಾರೂ ಮುಂದುವರಿಸಬಾರದು. ಆಯುರ್ವೇದ ಇದನ್ನು ಲಾಂಗಲಿ ಎಂಬ ಹೆಸರಿನಲ್ಲಿ ಉಪವಿಷಗಳ ಸಾಲಿಗೆ ಸೇರಿಸಿದೆ, ವಿಷ ಇಳಿಸುವ ಶೋಧನೆಯಿಲ್ಲದೆ ಮುಟ್ಟುವುದಿಲ್ಲ. ಅಲೋಪಥಿಯಲ್ಲಿ ಗೌಟ್ ಸಂಧಿನೋವಿಗೆ ಕೊಡುವುದು ಇದೇ ಕಾಲ್ಚಿಸಿನ್, ಮಿಲಿಗ್ರಾಂ ಲೆಕ್ಕದಲ್ಲಿ. ಯಾರಾದರೂ ತಿಂದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ, ಬಳ್ಳಿಯ ತುಂಡೂ ಜೊತೆಗಿರಲಿ. ಮಕ್ಕಳು, ದನಕರು ಓಡಾಡುವ ಅಂಗಳಕ್ಕೆ ಈ ಗಿಡ ಬೇಡವೇ ಬೇಡ.

ತಪ್ಪು ಕಲ್ಪನೆ: ಇಲ್ಲಿ ಅಪರೂಪವೆಂದರೆ ಎಲ್ಲೆಲ್ಲೂ ಅಪರೂಪ.

ವಾಸ್ತವ: ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಮರಳದಿಬ್ಬಗಳಲ್ಲಿ ಇದು ಕೀಳಲಾರದ ಕಳೆ. ಜಿಂಬಾಬ್ವೆಗೆ ರಾಷ್ಟ್ರೀಯ ಹೂವು, ತಮಿಳುನಾಡಿಗೆ ರಾಜ್ಯ ಹೂವು. ತಮಿಳುನಾಡಿನ ದಿಂಡಿಗಲ್, ಕರೂರು ಕಡೆಯ ಒಣಭೂಮಿಯಲ್ಲಿ ಬೀಜಕ್ಕಾಗಿ ಹೊಲದಲ್ಲೇ ಬೆಳೆಯುತ್ತಾರೆ. ಶಲಾಕೆ ಕೇಸರಗಳಿಂದ ದೂರ ಬಾಗಿರುವುದರಿಂದ ಕಾಯಿ ಸರಿಯಾಗಿ ಕಟ್ಟುವುದಿಲ್ಲ, ಬೆಳಿಗ್ಗೆ ಕೂಲಿಯಾಳುಗಳು ಹೂವಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸುತ್ತಾರೆ. ನಮ್ಮ ಕುಂಡದ ಗಿಡಕ್ಕೂ ಅದನ್ನೇ ಮಾಡಬಹುದು.

ಇನ್ನು, ಬೇಲಿಯಿಂದ ಗಡ್ಡೆ ಕಿತ್ತು ತಂದರೆ ತಳಿ ಉಳಿಸಿದಂತೆ ಎನ್ನುವವರ ಮಾತು. ಅಗೆಯುವಾಗ ಮೊಳಕೆಕಣ್ಣು ಮುರಿದರೆ ಬೇಲಿಯಲ್ಲೂ ಇಲ್ಲ, ಕುಂಡದಲ್ಲೂ ಇಲ್ಲ. ಕಾಯಿ ಮೂರು ಸೀಳಾಗಿ ಕೆಂಪು ಬೀಜ ಕಂಡಾಗ ಒಂದೆರಡು ಕಾಯಿಯಷ್ಟು ತೆಗೆದು, ಉಳಿದದ್ದನ್ನು ಅಲ್ಲೇ ಬಿಡಿ. ಬೀಜ ಮೊಳೆಯಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸತಾಯಿಸುತ್ತದೆ, ಹೂವಿಗೆ ಮೂರ್ನಾಲ್ಕು ವರ್ಷ. ಕುಂಡದ ಮೇಲೆ ‘ವಿಷ’ ಎಂದು ದೊಡ್ಡಕ್ಷರದಲ್ಲಿ ಬರೆದಿಡಿ. ಬೇಸಿಗೆಯಲ್ಲಿ ಅದು ಖಾಲಿ ಕುಂಡದಂತೆಯೇ ಕಾಣುತ್ತದೆ.