ಲಂಡನ್ನಿನಲ್ಲಿ ಸಿನಿಮಾ ಓದು: ನಂಬಿಕೆ ಒಂದು, ನಿಯಮ ಇನ್ನೊಂದು

ಎಂಜಿನಿಯರಿಂಗ್ ಮುಗಿಸಿ, ಒಂದೆರಡು ವರ್ಷ ಕಂಪನಿ ಕೆಲಸ ಮಾಡಿ, ಕೊನೆಗೊಂದು ದಿನ ಅಪ್ಪ-ಅಮ್ಮನ ಎದುರು ಕೂತು “ನಾನು ಲಂಡನ್ನಿಗೆ ಹೋಗಿ ಸಿನಿಮಾ ಓದ್ತೀನಿ” ಅನ್ನುವ ಮಕ್ಕಳು ಈಗ ಬೆಂಗಳೂರಿನಲ್ಲಿ ಮಾತ್ರವಲ್ಲ, ಹಾಸನ, ಹುಬ್ಬಳ್ಳಿಗಳಲ್ಲೂ ಇದ್ದಾರೆ. ಮನೆಯವರು ಮೊದಲು ಕೇಳುವುದು, “ಅಲ್ಲೇ ಕೆಲಸ ಸಿಗುತ್ತೇನಪ್ಪಾ?” ಕನ್ಸಲ್ಟೆನ್ಸಿಯವರು ಧಾರಾಳವಾಗಿ ಸಿಗುತ್ತೆ ಅನ್ನುತ್ತಾರೆ. ವಿದ್ಯಾರ್ಥಿ ಸೇರಿಕೊಂಡ ಮೇಲೆ ಇಂಥ ಏಜೆಂಟರಿಗೆ ವಿಶ್ವವಿದ್ಯಾಲಯಗಳೇ ಕಮಿಷನ್ ಕೊಡುವ ಪದ್ಧತಿಯಿದೆ ಅನ್ನುವುದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಮಾತು ಕೇಳಿಸಿಕೊಳ್ಳಬೇಕು.

ಬ್ರಿಟನ್ನಿನ ಸಿನಿಮಾ ಶಾಲೆಗಳ ಗುಣಮಟ್ಟದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅಲ್ಲಿಗೆ ಹೋಗುವ ನಮ್ಮ ಹುಡುಗರು ಕ್ಯಾಮೆರಾ, ಲೆನ್ಸುಗಳ ಬಗ್ಗೆ ಕೇಳುವ ಪ್ರಶ್ನೆಗಳಲ್ಲಿ ಕಾಲುಭಾಗವನ್ನೂ ವೀಸಾದ ಗಂಟೆ-ತಿಂಗಳುಗಳ ಬಗ್ಗೆ ಕೇಳುವುದಿಲ್ಲ. ಅವರ ಮುಂದಿನ ಐದು ವರ್ಷವನ್ನು ನಿರ್ಧರಿಸುವುದು ಮಾತ್ರ ಆ ಗಂಟೆ-ತಿಂಗಳುಗಳೇ.

“ಸಿನಿಮಾ ಕೋರ್ಸ್ ಅಂದಮೇಲೆ ಸಿನಿಮಾ ಮಾಡಿಸಿಯೇ ಮಾಡಿಸುತ್ತಾರೆ”

ಮಾಡಿಸದೆಯೂ ಇರಬಹುದು. ಫಿಲ್ಮ್ ಸ್ಟಡೀಸ್ ಅನ್ನುವುದು ಸಿನಿಮಾದ ಚರಿತ್ರೆ, ಸಿದ್ಧಾಂತ, ವಿಮರ್ಶೆಗಳ ಓದು. ಅಲ್ಲಿ ಪ್ರಬಂಧ ಬರೆಯಬೇಕು, ಕ್ಯಾಮೆರಾ ಮುಟ್ಟಲೇಬೇಕೆಂದಿಲ್ಲ. ಕೈಯಾರೆ ಕಲಿಯಬೇಕೆನ್ನುವವರು ಪ್ರೊಡಕ್ಷನ್ ಅಥವಾ ಫಿಲ್ಮ್‌ಮೇಕಿಂಗ್ ಹುಡುಕಬೇಕು. ಕೋರ್ಸಿನ ಹೆಸರಿನಲ್ಲಿ ಬರೀ ‘ಫಿಲ್ಮ್ ಆಂಡ್ ಟೆಲಿವಿಷನ್’ ಅಂತಿದ್ದರೆ ಪಠ್ಯಕ್ರಮ ತೆರೆದು, ಅಂಕಗಳು ಎಷ್ಟು ಬರವಣಿಗೆಗೆ, ಎಷ್ಟು ಚಿತ್ರಕ್ಕೆ ಎಂದು ಲೆಕ್ಕ ಹಾಕಿ ನೋಡಬೇಕು.

ಚಿತ್ರ ಮಾಡಿಸುವ ಶಾಲೆಗಳೂ ಒಂದೇ ಬಗೆಯವಲ್ಲ. 1956ರಲ್ಲಿ ಶುರುವಾದ ಲಂಡನ್ ಫಿಲ್ಮ್ ಸ್ಕೂಲ್‌ನ ಎರಡು ವರ್ಷದ ಎಂ.ಎ.ಯಲ್ಲಿ ವಿದ್ಯಾರ್ಥಿಗಳು ನಿರ್ದೇಶನ, ಕ್ಯಾಮೆರಾ, ಧ್ವನಿ, ಸಂಕಲನ ಎಲ್ಲವನ್ನೂ ಸರದಿಯಲ್ಲಿ ಮಾಡುತ್ತಾ ಹೋಗುತ್ತಾರೆ. ಅಮೆರಿಕದ ಮೈಕೆಲ್ ಮನ್ ಇಲ್ಲಿಗೇ ವಿದೇಶಿ ವಿದ್ಯಾರ್ಥಿಯಾಗಿ ಬಂದವರು. ಲಂಡನ್ನಿನ ಪಶ್ಚಿಮಕ್ಕೆ ಬೀಕನ್ಸ್‌ಫೀಲ್ಡ್ ಊರಿನಲ್ಲಿರುವ ನ್ಯಾಷನಲ್ ಫಿಲ್ಮ್ ಆಂಡ್ ಟೆಲಿವಿಷನ್ ಸ್ಕೂಲ್ (1971) ಇದಕ್ಕೆ ತದ್ವಿರುದ್ಧ. ಅಲ್ಲಿ ಛಾಯಾಗ್ರಹಣಕ್ಕೆ ಸೇರಿದವರು ಎರಡು ವರ್ಷವೂ ಛಾಯಾಗ್ರಹಣವನ್ನೇ ಮಾಡುತ್ತಾರೆ. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಆ ಶಾಲೆಯ ಆರಂಭದ ವರ್ಷಗಳ ವಿದ್ಯಾರ್ಥಿ. ಇನ್ನು ಸಾಮಾನ್ಯ ವಿಶ್ವವಿದ್ಯಾಲಯಗಳ ಎಂ.ಎ. ಹೆಚ್ಚಾಗಿ ಒಂದೇ ವರ್ಷದ್ದು. ಸೆಪ್ಟೆಂಬರ್‌ನಲ್ಲಿ ಶುರುವಾದರೆ ಮುಂದಿನ ಬೇಸಿಗೆಯಲ್ಲಿ ಅಂತಿಮ ಚಿತ್ರ, ಅಲ್ಲಿಗೆ ಮುಗಿಯಿತು.

ಎಲ್ಲರೂ ನಿರ್ದೇಶಕರಾಗಿ ಹೊರಬರುತ್ತಾರೆ ಅನ್ನುವುದೂ ಇದರ ಜೊತೆಗೇ ಬಿಡಬೇಕಾದ ಕನಸು. ಬಹಳ ಕಡೆ ತರಗತಿಯಲ್ಲಿ ಬರೆದ ಚಿತ್ರಕಥೆಗಳಲ್ಲಿ ಕೆಲವನ್ನಷ್ಟೇ ಆರಿಸುತ್ತಾರೆ. ಉಳಿದವರು ಆ ಚಿತ್ರಗಳಿಗೆ ಬೂಮ್ ಹಿಡಿಯುತ್ತಾರೆ, ಫೋಕಸ್ ಎಳೆಯುತ್ತಾರೆ, ಶೆಡ್ಯೂಲ್ ಹಾಕುತ್ತಾರೆ. ಡಬ್ಬಿಂಗ್‌ನಲ್ಲಿ ಸರಿಮಾಡಿಕೊಂಡರಾಯಿತು ಅನ್ನುವ ನಮ್ಮ ಅಭ್ಯಾಸಕ್ಕೆ ಅಲ್ಲಿ ದೊಡ್ಡ ಪೆಟ್ಟು ಬೀಳುತ್ತದೆ. ಮಾತನ್ನು ಸ್ಥಳದಲ್ಲೇ ದಾಖಲಿಸಬೇಕು, ಮೇಲೆ ವಿಮಾನ ಹೋದರೆ ಇಡೀ ಯೂನಿಟ್ ಕೈಕಟ್ಟಿ ಕಾಯಬೇಕು. ನನ್ನ ಮಟ್ಟಿಗೆ ಶುಲ್ಕಕ್ಕೆ ತಕ್ಕ ಕಲಿಕೆ ಅಂದರೆ ಇದೇ.

“ಓದುತ್ತಲೇ ಶೂಟಿಂಗ್‌ಗಳಿಗೆ ಹೋಗಿ ದುಡಿದುಕೊಳ್ಳಬಹುದು”

ಇದು ಅರ್ಧ ನಿಜ, ಹಾಗಾಗಿಯೇ ಹೆಚ್ಚು ಅಪಾಯದ್ದು. ಪದವಿ ಮಟ್ಟದ ಕೋರ್ಸಿನಲ್ಲಿರುವವರಿಗೆ ತರಗತಿಯ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ಕೆಲಸ ಮಾಡಲು ಸ್ಟೂಡೆಂಟ್ ವೀಸಾ ಬಿಡುತ್ತದೆ. ಕೆಫೆಯಲ್ಲಿ ಕಾಫಿ ಮಾಡಬಹುದು, ಸೂಪರ್‌ಮಾರ್ಕೆಟ್‌ನಲ್ಲಿ ಬಿಲ್ ಹಾಕಬಹುದು. ಆದರೆ ಸ್ವಂತ ದುಡಿಮೆ, ಅಂದರೆ ಫ್ರೀಲಾನ್ಸ್ ಕೆಲಸ, ಒಂದು ಗಂಟೆಯೂ ಮಾಡುವಂತಿಲ್ಲ. ಬ್ರಿಟನ್ನಿನ ಸಿನಿಮಾ, ಟೀವಿ ಉದ್ಯಮದಲ್ಲಿ ಯೂನಿಟ್ಟಿನ ದೊಡ್ಡ ಪಾಲು ಫ್ರೀಲಾನ್ಸ್‌ನವರೇ. ಕಲಿಯಲು ಹೋದ ಕಸುಬು ನಡೆಯುವ ರೀತಿಯನ್ನೇ ಕಲಿಯುವಾಗಿನ ವೀಸಾ ನಿಷೇಧಿಸುತ್ತದೆ!

ಲಂಡನ್ನಿನ ಕನ್ನಡಿಗರೊಬ್ಬರ ಗೃಹಪ್ರವೇಶದ ವಿಡಿಯೋ ಮಾಡಿಕೊಟ್ಟು ನೂರು ಪೌಂಡ್ ಪಡೆದರೂ ಅದು ಸ್ವಂತ ದುಡಿಮೆಯೇ. ಬೆಂಗಳೂರಿನ ಗೆಳೆಯನ ಜಾಹೀರಾತನ್ನು ಲಂಡನ್ನಿನ ರೂಮಿನಲ್ಲಿ ಕೂತು ಎಡಿಟ್ ಮಾಡಿ, ದುಡ್ಡು ಬೆಂಗಳೂರಿನ ಖಾತೆಗೆ ಹಾಕಿಸಿಕೊಂಡರೆ ತೊಂದರೆಯಿಲ್ಲ ಅಂದುಕೊಳ್ಳುವವರು ಬಹಳ. ಕೆಲಸ ನಡೆದದ್ದು ಬ್ರಿಟನ್ನಿನ ನೆಲದಲ್ಲಿ, ಹಾಗಾಗಿ ಅದೂ ಲೆಕ್ಕಕ್ಕೆ ಬರುತ್ತದೆ. ಯೂಟ್ಯೂಬ್ ಚಾನೆಲ್‌ನಿಂದ ಬರುವ ಆದಾಯವೂ ಈ ವ್ಯಾಪ್ತಿಗೆ ಬೀಳಬಹುದು, ಸೇರಿದ ವಿಶ್ವವಿದ್ಯಾಲಯದ ವೀಸಾ ಸಲಹೆಗಾರರನ್ನು ಮೊದಲೇ ಕೇಳುವುದು ಕ್ಷೇಮ.

“ಹಾಗಾದರೆ ಸಂಬಳಕ್ಕೇ ಸೇರುತ್ತೇನೆ” ಅನ್ನಬಹುದು. ರನ್ನರ್‌ನಂಥ ಕಿರಿಯ ಕೆಲಸಗಳಿಗೆ ಸಂಬಳದ ಲೆಕ್ಕದಲ್ಲಿ ಸೇರಿಸಿಕೊಳ್ಳುವುದುಂಟು. ಆದರೆ ಶೂಟಿಂಗ್ ದಿನವೊಂದು ಹತ್ತು ಗಂಟೆ ದಾಟುತ್ತದೆ. ಎರಡು ದಿನಕ್ಕೆ ವಾರದ ಕೋಟಾ ಖಾಲಿ, ವಾರಕ್ಕೆ ಎರಡೇ ದಿನ ಬರುವ ರನ್ನರ್ ಯಾರಿಗೂ ಬೇಡ. ಪುಕ್ಕಟೆ ಮಾಡಿದರೆ ಎಣಿಸುವುದಿಲ್ಲ ಅನ್ನುವುದೂ ತಪ್ಪು. ಸಂಬಳವಿಲ್ಲದ ಕೆಲಸವನ್ನೂ ಆ ಇಪ್ಪತ್ತು ಗಂಟೆಯೊಳಗೇ ಎಣಿಸುತ್ತಾರೆ. ಒಂದು ವರ್ಷದ ಎಂ.ಎ.ಯವರಿಗೆ ಇನ್ನೊಂದು ಬಿಸಿ ಇದೆ: ಅಂತಿಮ ಚಿತ್ರ ಮಾಡುವ ಬೇಸಿಗೆ ಅವರಿಗೆ ರಜೆಯಲ್ಲ, ಓದಿನ ಅವಧಿಯೇ. ಪದವಿ ತರಗತಿಯ ಗೆಳೆಯ ಜುಲೈನಲ್ಲಿ ಪೂರ್ತಿ ದಿನ ದುಡಿಯುವುದನ್ನು ನೋಡಿ ತಾವೂ ಹೊರಟರೆ ನಿಯಮ ಮುರಿದಂತೆ. ಮುರಿದ ದಾಖಲೆ ಮುಂದಿನ ಪ್ರತಿ ವೀಸಾ ಅರ್ಜಿಗೂ ಅಡ್ಡ ಬರುತ್ತದೆ.

ದಾರಿ ಇಲ್ಲವೇ ಇಲ್ಲ ಎಂದಲ್ಲ. ಕೋರ್ಸಿನ ಭಾಗವಾಗಿ, ಅಂಕ ಕೊಟ್ಟು ಅಳೆಯುವ ಪ್ಲೇಸ್‌ಮೆಂಟ್ ಇದ್ದರೆ ಅದಕ್ಕೆ ಈ ಇಪ್ಪತ್ತು ಗಂಟೆಯ ಮಿತಿ ಇಲ್ಲ. ಎರಡು ಕೋರ್ಸುಗಳ ನಡುವೆ ತೂಗಿ ನೋಡುವವರಿಗೆ ನಾನು ಮೊದಲು ಹುಡುಕಿ ಎನ್ನುವುದು ಇದನ್ನೇ. ಕ್ಯಾಮೆರಾ ಯಾವುದು ಅನ್ನುವುದು ಆಮೇಲೆ.

“ಪದವಿ ಮುಗಿಯಲಿ, ಎರಡು ವರ್ಷದಲ್ಲಿ ಅಲ್ಲೇ ನೆಲೆಯಾಗಬಹುದು”

ಪದವಿ ಮುಗಿದ ಮೇಲೆ ಸಿಗುವ ಗ್ರಾಜುಯೇಟ್ ವೀಸಾ ಸಿನಿಮಾದವರಿಗೆ ನಿಜಕ್ಕೂ ಒಳ್ಳೆಯದು. 2021ರ ಜುಲೈನಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಕೆಲಸ ಕೈಯಲ್ಲಿರಬೇಕೆಂದಿಲ್ಲ, ಫ್ರೀಲಾನ್ಸ್ ಮಾಡಬಹುದು, ಎಷ್ಟು ಗಂಟೆಯಾದರೂ ದುಡಿಯಬಹುದು. ಎರಡು ವರ್ಷದ ಅವಧಿ. ಕಷ್ಟವಿರುವುದು ಅದು ಮುಗಿದ ದಿನ. ಅದನ್ನು ವಿಸ್ತರಿಸಲು ಬರುವುದಿಲ್ಲ. ಮುಂದಿನದು ಸ್ಕಿಲ್ಡ್ ವರ್ಕರ್ ವೀಸಾ ಅನ್ನುವುದಾದರೆ ಸರ್ಕಾರದ ಪರವಾನಗಿ ಪಡೆದ ಕಂಪನಿಯೊಂದು ಕೆಲಸ ಕೊಟ್ಟು ಪ್ರಾಯೋಜಿಸಬೇಕು. 2025ರ ಜುಲೈನಿಂದ ಅದರ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್, ಹೊಸಬರಿಗೆ ಸ್ವಲ್ಪ ರಿಯಾಯಿತಿಯಿದೆ. ಆರು ವಾರ ಒಂದು ಧಾರಾವಾಹಿ, ಮೂರು ವಾರ ಒಂದು ಜಾಹೀರಾತು ಅಂತ ಓಡಾಡುವ ಫೋಕಸ್ ಪುಲ್ಲರ್‌ನನ್ನು ಯಾವ ಕಂಪನಿ ಪ್ರಾಯೋಜಿಸುತ್ತದೆ? ಗ್ಲೋಬಲ್ ಟ್ಯಾಲೆಂಟ್ ಎಂಬ ಇನ್ನೊಂದು ವೀಸಾ ಇದೆ, ಅದಕ್ಕೆ ಪ್ರಾಯೋಜಕರು ಬೇಡ. ಸಿನಿಮಾ-ಟೀವಿಯ ಅರ್ಜಿಗಳನ್ನು ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್ ಪರವಾಗಿ ನಿರ್ಮಾಪಕರ ಸಂಘವಾದ ಪ್ಯಾಕ್ಟ್ ಪರಿಶೀಲಿಸುತ್ತದೆ. ಅವರು ಕೇಳುವುದು ದೊಡ್ಡ ಪ್ರಶಸ್ತಿ, ನಾಮನಿರ್ದೇಶನಗಳಂಥ ಸಾಧನೆ. ನಿನ್ನೆ ಮೊನ್ನೆ ಪದವಿ ಮುಗಿಸಿದವರ ಮಾತಲ್ಲ ಅದು.

ಮಾರುಕಟ್ಟೆಯೂ ಈಗ ಕೈಬೀಸಿ ಕರೆಯುತ್ತಿಲ್ಲ. 2023ರಲ್ಲಿ ಹಾಲಿವುಡ್ಡಿನ ಬರಹಗಾರರು, ನಟರು ಮುಷ್ಕರ ಹೂಡಿದಾಗ ಬ್ರಿಟನ್ನಿನ ಸ್ಟುಡಿಯೋಗಳೂ ಖಾಲಿ ಬಿದ್ದವು, ಏಕೆಂದರೆ ಅಲ್ಲಿ ತಯಾರಾಗುವ ದೊಡ್ಡ ಚಿತ್ರಗಳ ಹಣ ಬಹುಪಾಲು ಅಮೆರಿಕದ್ದು. ವಿಷುವಲ್ ಎಫೆಕ್ಟ್ಸ್ ಆದರೂ ಭದ್ರ ಅನ್ನುತ್ತಿದ್ದರು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಗುಂಪು ಕುಸಿದಾಗ ಲಂಡನ್ನಿನ ಎಂಪಿಸಿ, ದಿ ಮಿಲ್ ಸಂಸ್ಥೆಗಳ ಜೊತೆ ಬೆಂಗಳೂರಿನ ಶಾಖೆಯೂ ಬಾಗಿಲು ಹಾಕಿತು. ಲಂಡನ್ನಿನಲ್ಲಿ ಬಿದ್ದ ಏಟು ಅದೇ ವಾರ ಇಲ್ಲಿನ ಮನೆಗಳಿಗೂ ತಗುಲಿತು.

“ಟೀವಿ ಅಂದರೆ ಸಿನಿಮಾ ಸಿಗದವರ ಪಾಲು”

ಧಾರಾವಾಹಿಗಳನ್ನಷ್ಟೇ ನೋಡಿ ಬೆಳೆದವರ ತಿರಸ್ಕಾರ ಇದು. ಹಲವು ಕ್ಯಾಮೆರಾಗಳ ದೃಶ್ಯವನ್ನು ಒಂದು ಕೋಣೆಯಲ್ಲಿ ಕೂತು ಆ ಕ್ಷಣದಲ್ಲೇ ಆರಿಸಿ ಬಿಡುವುದು, ನೇರ ಪ್ರಸಾರ ನಡೆಸುವುದು, ಒಂದು ಆಟದ ಕಾರ್ಯಕ್ರಮವನ್ನು ಬೇರೆ ದೇಶಗಳಿಗೂ ಮಾರುವಂತೆ ರೂಪಿಸುವುದು ಬ್ರಿಟನ್ನು ಜಗತ್ತಿಗೆ ಕಲಿಸಿದ ವಿದ್ಯೆಗಳಲ್ಲಿ ಸೇರಿವೆ. ಪುನೀತ್ ರಾಜ್‌ಕುಮಾರ್ 2012ರಲ್ಲಿ ನಡೆಸಿಕೊಟ್ಟ ‘ಕನ್ನಡದ ಕೋಟ್ಯಾಧಿಪತಿ’ಯ ಮೂಲ 1998ರಲ್ಲಿ ಬ್ರಿಟನ್ನಿನ ಐಟಿವಿಯಲ್ಲಿ ಶುರುವಾದ ಕಾರ್ಯಕ್ರಮ. ಊರಿಗೆ ಮರಳಬೇಕಾಗಿ ಬಂದರೆ ಟೀವಿ ಕಲಿತವರಿಗೆ ಇಲ್ಲಿ ಸಿಗುವ ಕೆಲಸ, ಸಿನಿಮಾ ನಿರ್ದೇಶನ ಕಲಿತವರಿಗೆ ಸಿಗುವುದಕ್ಕಿಂತ ಹೆಚ್ಚು ಎಂದು ನನ್ನ ಅಂದಾಜು.

“ವಿದೇಶದಲ್ಲಿ ಓದಿದರಷ್ಟೇ ಜಗತ್ತು ನೋಡುತ್ತದೆ”

ಮೈಸೂರಿನಲ್ಲಿ ವೈದ್ಯಕೀಯ ಓದಿದ ಚಿದಾನಂದ ಎಸ್. ನಾಯ್ಕ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ ಸೇರಿದ್ದು ಒಂದು ವರ್ಷದ ಟೀವಿ ಕೋರ್ಸಿಗೆ. ಅಲ್ಲಿ ಮಾಡಿದ ಕನ್ನಡ ಕಿರುಚಿತ್ರದ ಕಥೆ ನಮ್ಮ ಜನಪದದ್ದು: ಅಜ್ಜಿಯೊಬ್ಬಳು ಹುಂಜವನ್ನು ಕದ್ದೊಯ್ದದ್ದರಿಂದ ಊರಿಗೆ ಬೆಳಕೇ ಹರಿಯದೆ ಹೋಗುತ್ತದೆ. 2024ರ ಕಾನ್ ಚಿತ್ರೋತ್ಸವದಲ್ಲಿ ಸಿನಿಮಾ ಶಾಲೆಗಳ ಚಿತ್ರಗಳಿಗೆಂದೇ ಇರುವ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಅದಕ್ಕೆ ಬಂತು. ಅದಕ್ಕೂ ಹಿಂದೆ, ಗುರುದತ್ ಚಿತ್ರಗಳ ಛಾಯಾಗ್ರಾಹಕ ವಿ.ಕೆ. ಮೂರ್ತಿ ಕ್ಯಾಮೆರಾ ಕಲಿತದ್ದು ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ (ಎಸ್‌ಜೆಪಿ). ಗೋವಿಂದ ನಿಹಲಾನಿಯೂ ಅಲ್ಲಿಯವರೇ.

ಹಾಗೆಂದು ಹೊರಗೆ ಹೋದದ್ದು ವ್ಯರ್ಥವೆಂದೂ ಅಲ್ಲ. ರಾಮ್ ರೆಡ್ಡಿ ಪ್ರಾಗ್‌ನಲ್ಲಿ ಸಿನಿಮಾ ಕಲಿತು ಬಂದು ಮಾಡಿದ್ದು ಮಂಡ್ಯ ಸೀಮೆಯ ಹಳ್ಳಿಗರನ್ನೇ ನಟರಾಗಿಸಿದ ‘ತಿಥಿ’. 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದ ‘ಫಿಲ್ಮ್‌ಮೇಕರ್ಸ್ ಆಫ್ ದಿ ಪ್ರೆಸೆಂಟ್’ ವಿಭಾಗದಲ್ಲಿ ಅದಕ್ಕೆ ಗೋಲ್ಡನ್ ಲೆಪರ್ಡ್ ಸಿಕ್ಕಿತು. ತೈವಾನಿನ ಆಂಗ್ ಲೀ ಕಥೆಯನ್ನಂತೂ ಪ್ರತಿ ವಿದೇಶಿ ವಿದ್ಯಾರ್ಥಿಯ ತಂದೆ-ತಾಯಿಗೆ ಹೇಳಬೇಕು. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದು ಮುಗಿಸಿದ ಮೇಲೆ ಅವರು ಸುಮಾರು ಆರು ವರ್ಷ ಅಡುಗೆ ಮಾಡುತ್ತಾ, ಮಕ್ಕಳನ್ನು ನೋಡಿಕೊಳ್ಳುತ್ತಾ, ಚಿತ್ರಕಥೆ ಬರೆಯುತ್ತಾ ಮನೆಯಲ್ಲಿದ್ದರು. ಸಂಸಾರ ನಡೆದದ್ದು ವಿಜ್ಞಾನಿಯಾದ ಹೆಂಡತಿಯ ಸಂಬಳದಲ್ಲಿ. ಕೊನೆಗೆ ಬಾಗಿಲು ತೆರೆದದ್ದು 1990ರಲ್ಲಿ ತೈವಾನ್ ಸರ್ಕಾರ ನಡೆಸಿದ ಚಿತ್ರಕಥಾ ಸ್ಪರ್ಧೆ. ಮೊದಲ, ಎರಡನೆಯ ಬಹುಮಾನ ಎರಡೂ ಅವರ ಕಥೆಗಳಿಗೇ ಬಂದವು. ಅಮೆರಿಕದಲ್ಲಿ ಓದಿದವರಿಗೆ ಮೊದಲ ಚಿತ್ರದ ಹಣ ಬಂದದ್ದು ಹುಟ್ಟಿದ ನಾಡಿನಿಂದ.

ಅಂಕಪಟ್ಟಿಯ ಬಗ್ಗೆ ಒಂದೇ ಮಾತು. ಪ್ರೊಡಕ್ಷನ್ ಕೋರ್ಸುಗಳ ಆಯ್ಕೆಯಲ್ಲಿ ಪೋರ್ಟ್‌ಫೋಲಿಯೊ, ಸಂದರ್ಶನಗಳಿಗೇ ಹೆಚ್ಚು ಬೆಲೆ. ಮೊಬೈಲಿನಲ್ಲಿ ತೆಗೆದ ಐದು ನಿಮಿಷದ ಒಳ್ಳೆಯ ಚಿತ್ರ ಡಿಸ್ಟಿಂಕ್ಷನ್ನಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ದುಡ್ಡಿನ ವಿಷಯವೂ ಇದೆ. ಇಂಗ್ಲೆಂಡಿನಲ್ಲಿ ಸ್ಥಳೀಯರ ಪದವಿ ಶುಲ್ಕಕ್ಕೆ ಸರ್ಕಾರದ ಮಿತಿಯುಂಟು, 2025-26ಕ್ಕೆ ಅದು 9,535 ಪೌಂಡ್. ವಿದೇಶಿಯರ ಶುಲ್ಕಕ್ಕೆ ಮಿತಿಯೇ ಇಲ್ಲ. ಶುಲ್ಕವಲ್ಲದೆ ಲಂಡನ್ನಿನಲ್ಲಿ ಓದುವವರು ತಿಂಗಳಿಗೆ 1,529 ಪೌಂಡಿನಂತೆ ಒಂಬತ್ತು ತಿಂಗಳ ಜೀವನ ವೆಚ್ಚವನ್ನು 28 ದಿನ ಖಾತೆಯಲ್ಲಿಟ್ಟು ತೋರಿಸಬೇಕು, ಆರೋಗ್ಯ ಸೇವೆಗೆಂದು ವರ್ಷಕ್ಕೆ 776 ಪೌಂಡ್ ಕಟ್ಟಬೇಕು. ಸಾಲದ ಅರ್ಜಿಯಲ್ಲಿ ಯಾರೂ ಬರೆಯದ ಖರ್ಚು ಇನ್ನೊಂದು: ಶಾಲೆ ಕ್ಯಾಮೆರಾ ಕೊಟ್ಟರೂ ನಟರ ಪ್ರಯಾಣ, ಯೂನಿಟ್ಟಿನ ಊಟ, ಲೊಕೇಶನ್ ಬಾಡಿಗೆ ಬಹಳ ಕಡೆ ವಿದ್ಯಾರ್ಥಿಯ ಜೇಬಿನಿಂದಲೇ ಹೋಗುತ್ತದೆ.

ಆದ್ದರಿಂದ ಮುಂಗಡ ಕಟ್ಟುವ ಮೊದಲು ವಿಶ್ವವಿದ್ಯಾಲಯಕ್ಕೆ ಒಂದು ಇಮೇಲ್ ಬರೆಯಿರಿ. ಅಂತಿಮ ಚಿತ್ರಕ್ಕೆ ಶಾಲೆ ಎಷ್ಟು ಹಣ ಕೊಡುತ್ತದೆ, ಚಿತ್ರದ ಹಕ್ಕು ಯಾರದ್ದು, ಒಬ್ಬರಿಗೆ ಎಷ್ಟು ದಿನ ಕ್ಯಾಮೆರಾ ಸಿಗುತ್ತದೆ, ಅಂಕವಿರುವ ಪ್ಲೇಸ್‌ಮೆಂಟ್ ಇದೆಯೇ, ಕಳೆದ ವರ್ಷದ ವಿದೇಶಿ ವಿದ್ಯಾರ್ಥಿಗಳು ಈಗೇನು ಮಾಡುತ್ತಿದ್ದಾರೆ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಏಜೆಂಟರ ಬಾಯಿಮಾತು ಸಾಲದು. 2026ರ ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಎಂ.ಎ.ಗೆ ಸೇರುವವರು ಇನ್ನೂ ಒಂದು ಲೆಕ್ಕ ಬರೆದಿಟ್ಟುಕೊಳ್ಳಬೇಕು: 2027ರ ಜನವರಿ 1ರಿಂದ ಹಾಕುವ ಗ್ರಾಜುಯೇಟ್ ವೀಸಾ ಅರ್ಜಿಗಳಿಗೆ, ಪಿಎಚ್.ಡಿ. ಮಾಡಿದವರನ್ನು ಬಿಟ್ಟು, ಸಿಗುವುದು ಎರಡು ವರ್ಷವಲ್ಲ, ಹದಿನೆಂಟು ತಿಂಗಳು.