ಚದುರಂಗದ ಕಾಯಿ ಕೊಳ್ಳುವ ಮುನ್ನ

ಸಾಗರದ ಗುಡಿಗಾರರ ಗಂಧದ ಕೆತ್ತನೆ ಕಂಡವರಿಗೆ ಚದುರಂಗದ ಕಾಯಿಗಳನ್ನೂ ಹೀಗೆಯೇ ಕೆತ್ತಿಸಬೇಕೆನ್ನಿಸುವುದು ಸಹಜ. ಆದರೆ ನೋಡುವ ಕಾಯಿ ಬೇರೆ, ಆಡುವ ಕಾಯಿ ಬೇರೆ. ಕುಸುರಿ ಹೆಚ್ಚಾದರೆ ಮಂತ್ರಿ ಯಾವುದು, ಒಂಟೆ ಯಾವುದು ಎಂದೇ ತಿಳಿಯದು. 1849ರಲ್ಲಿ ಲಂಡನ್ನಿನಲ್ಲಿ ಹೊರಬಂದ, ಸುಲಭವಾಗಿ ಗುರುತು ಸಿಗುವ ಸ್ಟಾಂಟನ್ ಮಾದರಿಯೇ ಇಂದಿಗೂ ಪಂದ್ಯಗಳಲ್ಲಿ ಬಳಕೆಯಲ್ಲಿದೆ.

ಅಂಗಡಿಗೆ ಹೋಗುವಾಗ ಸ್ಕೇಲು ಜೊತೆಗಿರಲಿ. ಅಂತರರಾಷ್ಟ್ರೀಯ ಸಂಸ್ಥೆ ಫಿಡೆಯ ಪ್ರಕಾರ ರಾಜನ ಎತ್ತರ ಸುಮಾರು 9.5 ಸೆಂ.ಮೀ., ಮನೆಯ ಬದಿ 5ರಿಂದ 6 ಸೆಂ.ಮೀ. ಒಂದು ಮನೆಯಲ್ಲಿ ನಾಲ್ಕು ಪದಾತಿಗಳು ಹಿಡಿಸಬೇಕು. ಬಳಿಕ ರಾಜನನ್ನು ಕೊಂಚ ವಾಲಿಸಿ ಬಿಡಿ, ತಾನಾಗಿ ನೆಟ್ಟಗಾಗಬೇಕು. ತಳದಲ್ಲಿ ಲೋಹದ ತುಂಡು ತುಂಬಿದ್ದರೆ ಗುರುತ್ವಕೇಂದ್ರ ಕೆಳಗಿರುತ್ತದೆ. ವಿದ್ಯಾರ್ಥಿಗಳೇ, ಇದು ನಿಮ್ಮ ಪಾಠದ್ದೇ ಅಲ್ಲವೆ?

ಇನ್ನು ಹಲಗೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರದ ಹುಲಿಕಲ್ ಮಳೆಗೆ ಹೆಸರಾದವು. ಮಳೆಗಾಲದಲ್ಲಿ ಮರ ತೇವ ಹೀರಿ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ. ಪ್ಲೈವುಡ್ಡಿನ ಪದರಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಅದು ಬಾಗುವುದು ಕಡಿಮೆ. ಇದನ್ನು ಪಾಠ ಮಾಡುವ ನಾನೇ ಅಂದಕ್ಕೆ ಮರುಳಾಗಿ ಒಂಟಿ ಮರದ ಹಲಗೆ ಕೊಂಡೆ. ಹಾಳಾದೀತೆಂದು ಮಗನ ಕೈಗೂ ಕೊಡದೆ ಬೀರುವಿನಲ್ಲಿಟ್ಟೆ. ಆರಿದ್ರಾ ಮಳೆ ಮುಗಿಯುವುದರೊಳಗೆ ಅದು ದೋಣಿಯಂತೆ ಬಾಗಿತ್ತು. ಅವನ ಆಸಕ್ತಿಯೂ ಬತ್ತಿತ್ತು.

ದಂತದ ಹಳೆಯ ಕಾಯಿಗಳನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ದಂತದ ವ್ಯಾಪಾರ ಅಪರಾಧ.

ಪಾಲಕರೇ, ಮೊದಲು ತಳಭಾರದ ಪ್ಲಾಸ್ಟಿಕ್ ಕಾಯಿ, ಸುರುಳಿ ಸುತ್ತುವ ರೆಕ್ಸಿನ್ ಹಾಸು ಕೊಡಿಸಿ. ಮಕ್ಕಳು ಆಡಿ ಆಡಿ ಅವು ಸವೆಯಲಿ. ಗಂಧದ್ದು ಆಮೇಲೆ ನೋಡೋಣ.