ಒಂದೇ ಹೊಳೆಗೆ ಮೂರು ಪರವಾನಗಿ

ತೀರ್ಥಹಳ್ಳಿ ತಾಲ್ಲೂಕಿನ ಮಂಡಗದ್ದೆಯಲ್ಲಿ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವ ಜಾಗದ ಸುತ್ತ ಹುಟ್ಟು ಹಾಕುತ್ತ ದೋಣಿ ನಡೆಸುವವನು ನೂರು ವರ್ಷಗಳಿಗೂ ಹೆಚ್ಚು ಕಾಲ ಒಳನಾಡು ಜಲಯಾನದ ಕೇಂದ್ರ ಕಾಯಿದೆಯ ಹೊರಗೇ ಉಳಿದಿದ್ದನು. ಏಕೆಂದರೆ ಆ ಕಾಯಿದೆ ಯಂತ್ರದಿಂದ ಚಲಿಸುವ ನಾವೆಗಳಿಗೆ ಮಾತ್ರ ಅನ್ವಯವಾಗುತ್ತಿತ್ತು. ಹತ್ತಿರದ ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಹರಡಿರುವ ಶರಾವತಿಯ ಹಿನ್ನೀರಿನಲ್ಲಿ ಲಾಂಚ್ ನಡೆಸಲು ಸರ್ಕಾರದ ಅರ್ಹತಾ ಪತ್ರ ಬೇಕು. ಅದೇ ಶರಾವತಿ ಘಟ್ಟ ಇಳಿದು ಹೊನ್ನಾವರದಲ್ಲಿ ಕಡಲು ಸೇರಿದೊಡನೆ ಆ ಪತ್ರದ ಬೆಲೆ ಮುಗಿಯುತ್ತದೆ. ಅಲ್ಲಿ ಕರಾವಳಿಯ ಗುಂಟ ಹಡಗು ನಡೆಸಲು ಒಂದು ಪರವಾನಗಿ, ಆಚೆಯ ಮಹಾಸಾಗರಕ್ಕೆ ಇನ್ನೊಂದು. ಸೀಮಿತ ನೀರಿನ ಕಪ್ತಾನನು ವಿಶಾಲ ನೀರಿನ ಕಪ್ತಾನನಾಗಲು ಏರಬೇಕಾದ ಈ ಮೆಟ್ಟಿಲುಗಳನ್ನು ಕಟ್ಟಿದವರು ಎಲ್ಲಿಯವರು, ಅವು ಮಲೆನಾಡಿನ ನಡುವಿನ ಅಣೆಕಟ್ಟೆಯ ನೀರಿನವರೆಗೆ ಬಂದದ್ದು ಹೇಗೆ ಎಂಬುದು ಪರಿಶೀಲಿಸತಕ್ಕ ವಿಷಯ.

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬ್ರಿಟಿಷ್ ವ್ಯಾಪಾರಿ ಹಡಗುಗಳು ಒಂದರ ಮೇಲೊಂದರಂತೆ ಮುಳುಗುತ್ತಿದ್ದಾಗ, 1836ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯೊಂದು ಕಾರಣಗಳನ್ನು ಹುಡುಕುತ್ತ ಹೋಗಿ ಕಪ್ತಾನರ ಅಜ್ಞಾನವನ್ನೂ ಅವುಗಳಲ್ಲಿ ಸೇರಿಸಿತು. 1845ರಲ್ಲಿ ಇಷ್ಟವಿದ್ದವರಿಗೆ ಪರೀಕ್ಷೆ ಆರಂಭವಾಯಿತು. 1850ರ ಕಾಯಿದೆಯಿಂದ ಹೊರದೇಶಗಳಿಗೆ ಹೋಗುವ ಹಡಗುಗಳ ಕಪ್ತಾನರಿಗೆ ಅದು ಕಡ್ಡಾಯವಾಯಿತು. 1854ರಲ್ಲಿ ಸ್ವದೇಶಿ ಬಂದರುಗಳ ನಡುವೆ ಪ್ರಯಾಣಿಕರನ್ನು ಸಾಗಿಸುವ ಹಡಗುಗಳಿಗೂ ವಿಸ್ತರಿಸಿತು. ಕರಾವಳಿಯ ಕಪ್ತಾನ ಮತ್ತು ದೂರಸಾಗರದ ಕಪ್ತಾನ ಎಂಬ ಭೇದಕ್ಕೆ ಬೇರು ಇಲ್ಲಿದೆ. ಕರೆಯ ದೀಪಸ್ತಂಭ, ಗುಡ್ಡ, ಕೋಡುಗಳನ್ನು ನೋಡಿಕೊಂಡು ನಡೆಯುವುದೇ ಬೇರೆ, ವಾರಗಟ್ಟಲೆ ನೆಲ ಕಾಣದ ಕಡಲಿನಲ್ಲಿ ಸೂರ್ಯ, ನಕ್ಷತ್ರಗಳ ಎತ್ತರ ಅಳೆದು ತಾನೆಲ್ಲಿದ್ದೇನೆಂದು ಲೆಕ್ಕ ಹಾಕುವುದೇ ಬೇರೆ ಎಂಬ ತರ್ಕ ನ್ಯಾಯವಾದದ್ದೇ. ಆಗ ಕೊಟ್ಟ ಪತ್ರಗಳು ಎರಡು ಬಗೆಯವು ಎಂಬುದನ್ನೂ ಗಮನಿಸಬೇಕು: ಪರೀಕ್ಷೆ ಗೆದ್ದವರಿಗೆ ಅರ್ಹತಾ ಪತ್ರ, ಕಾಯಿದೆ ಬರುವ ಮೊದಲೇ ಕಪ್ತಾನರಾಗಿ ದುಡಿದವರಿಗೆ ಸೇವಾ ಪತ್ರ. ಪುಸ್ತಕ ಓದದ ಅನುಭವಕ್ಕೂ ಕಾನೂನು ಆರಂಭದಲ್ಲಿ ಒಂದು ಗೌರವದ ಜಾಗ ಇಟ್ಟಿತ್ತು.

ಈ ಭೇದ ಭಾರತಕ್ಕೆ ಬಂದಾಗ ಪಡೆದ ರೂಪ ಮಾತ್ರ ಬಲು ವಿಚಿತ್ರವಾದದ್ದು, ಕನ್ನಡ ಕರಾವಳಿಯ ದೃಷ್ಟಿಯಿಂದ ಅನ್ಯಾಯದ್ದೂ ಹೌದು. 1958ರ ವಾಣಿಜ್ಯ ನೌಕಾಯಾನ ಕಾಯಿದೆ ‘ಹೋಮ್ ಟ್ರೇಡ್’ ಹಡಗು ಎಂದರೇನೆಂದು ಹೇಳುವಾಗ, ಮೂರು ಸಾವಿರ ಟನ್ ಮೀರದ, ಭಾರತದ ಬಂದರುಗಳ ನಡುವೆಯೋ, ಭಾರತದಿಂದ ಸಿಲೋನ್, ಮಾಲ್ಡೀವ್ಸ್, ಬರ್ಮಾ, ಮಲಯ, ಸಿಂಗಪುರಗಳಿಗೋ ಹೋಗಿಬರುವ ಹಡಗು ಎಂದಿತು. ಹೀಗಾಗಿ ಹೊನ್ನಾವರದಿಂದ ಹೊರಟ ಹಡಗು ಸಿಂಹಳವನ್ನು ಸುತ್ತಿ, ಬಂಗಾಳ ಕೊಲ್ಲಿಯನ್ನು ಅಡ್ಡ ದಾಟಿ ಸಿಂಗಪುರ ಮುಟ್ಟಿದರೂ ಅದು ಮನೆಯ ವ್ಯಾಪಾರವೇ ಆಗಿತ್ತು. ಅದರ ಅರ್ಧದಷ್ಟು ದೂರದಲ್ಲಿರುವ ಮಸ್ಕತ್ತಿಗೆ ಹೋದರೆ ಮಾತ್ರ ವಿದೇಶಯಾನವಾಗುತ್ತಿತ್ತು. ಸಮುದ್ರದ ಅಪಾಯವನ್ನು ಅಳೆದು ಎಳೆದ ಗೆರೆ ಇದಲ್ಲ. ಸಿಂಗಪುರ, ಪೆನಾಂಗ್‌ಗಳ ಆಡಳಿತ 1867ರವರೆಗೆ ಕಲ್ಕತ್ತೆಯ ಕೈಯಲ್ಲಿತ್ತು, ಬರ್ಮಾ 1937ರವರೆಗೆ ಬ್ರಿಟಿಷ್ ಇಂಡಿಯಾದ ಭಾಗವೇ ಆಗಿತ್ತು. ಆ ಹಳೆಯ ಸಾಮ್ರಾಜ್ಯದ ನಕ್ಷೆಯೇ ಸ್ವತಂತ್ರ ಭಾರತದ ಕಾಯಿದೆಯಲ್ಲಿ ಕಪ್ತಾನನ ಮೇರೆಯಾಗಿ ಉಳಿಯಿತೆಂದೇ ತಿಳಿಯಬೇಕಾಗುತ್ತದೆ. ಹೊನ್ನಾವರ, ಭಟ್ಕಳಗಳ ಕಡಲು ಶತಮಾನಗಳ ಕಾಲ ಮುಖ ಮಾಡಿದ್ದು ಪಡುವಣಕ್ಕೆ. ಹೊರ್ಮುಜ್ ಕಡೆಯಿಂದ ಬಂದ ಕುದುರೆಗಳು ಭಟ್ಕಳದಲ್ಲಿ ಇಳಿದು ಘಟ್ಟ ಹತ್ತಿ ವಿಜಯನಗರಕ್ಕೆ ಹೋದವು. ಗೇರುಸೊಪ್ಪೆಯ ಸೀಮೆಯ ಮೆಣಸು ಶರಾವತಿಯ ಅಳಿವೆಯಿಂದ ಹೊರಬಿದ್ದು ಅರಬ್ಬರ ಹಡಗು ಸೇರಿತು. ಈ ಕರಾವಳಿಯವರಿಗೆ ಅತ್ಯಂತ ಪರಿಚಿತವಾದ ನೀರನ್ನೇ ಕಾನೂನು ಪರದೇಶದ ನೀರೆಂದು ಬರೆದುಕೊಂಡದ್ದು ನೋವಿನ ಸಂಗತಿ.

ಹೋಮ್ ಟ್ರೇಡ್ ಕಪ್ತಾನನು ಆ ಗೆರೆ ದಾಟಬೇಕಾದರೆ ವಿದೇಶಯಾನದ ಹಡಗುಗಳಲ್ಲಿ ಅಧಿಕಾರಿಯಾಗಿ ಪಹರೆಯ ಹೊತ್ತು ನಿಂತು ದುಡಿದು, ಆ ಸಮುದ್ರಸೇವೆಯ ದಾಖಲೆ ತೋರಿಸಿ, ಲಿಖಿತ ಪರೀಕ್ಷೆಯೊಂದಿಗೆ ಪರೀಕ್ಷಕನ ಎದುರು ಕುಳಿತು ಮೌಖಿಕ ಪರೀಕ್ಷೆಯನ್ನೂ ಗೆಲ್ಲಬೇಕಿತ್ತು. 1978ರಲ್ಲಿ ನಾವಿಕರ ತರಬೇತಿ ಮತ್ತು ಅರ್ಹತೆಯ ಬಗ್ಗೆ ಅಂತರರಾಷ್ಟ್ರೀಯ ಒಪ್ಪಂದವಾಗಿ 1984ರಲ್ಲಿ ಜಾರಿಗೆ ಬಂದ ಮೇಲೆ ಹಳೆಯ ಹೆಸರು ಹಿಂದೆ ಸರಿದು ‘ನಿಯರ್ ಕೋಸ್ಟಲ್ ವಾಯೇಜ್’, ಅಂದರೆ ಕರಾವಳಿಗೆ ಹತ್ತಿರದ ಯಾನ ಎಂಬ ವರ್ಗ ಮುಂದೆ ಬಂದಿತು, ಮೆಟ್ಟಿಲುಗಳು ಉಳಿದವು.

ಒಳನಾಡಿನ ಕಥೆ ಬೇರೆ. ಗಂಗೆ, ಬ್ರಹ್ಮಪುತ್ರಗಳಲ್ಲಿ ಓಡಾಡುತ್ತಿದ್ದ ಉಗಿನಾವೆಗಳನ್ನು ನಿಯಂತ್ರಿಸಲು 1884ರಲ್ಲಿ ಬಂದ ಕಾಯಿದೆಯ ಜಾಗದಲ್ಲಿ 1917ರಲ್ಲಿ ಇನ್ನೊಂದು ಬಂದು, 1977ರ ತಿದ್ದುಪಡಿಯಲ್ಲಿ ತನ್ನ ಹೆಸರಿನ ‘ಉಗಿ’ಯನ್ನು ಕಳಚಿಕೊಂಡಿತು. ಅದರ ಶ್ರೇಣಿಯಲ್ಲಿ ಕೆಳಗೆ ಸೆರಾಂಗ್, ಅವನ ಮೇಲೆ ಎರಡನೆಯ ದರ್ಜೆಯ ಮಾಸ್ಟರ್, ಎಲ್ಲರ ಮೇಲೆ ಮೊದಲ ದರ್ಜೆಯ ಮಾಸ್ಟರ್. ಯಾರು ಯಾವ ನಾವೆ ನಡೆಸಬಹುದೆಂಬುದನ್ನು ನಿರ್ಧರಿಸುತ್ತಿದ್ದದ್ದು ಮುಖ್ಯವಾಗಿ ಎಂಜಿನ್ನಿನ ಅಶ್ವಶಕ್ತಿ. ಯಂತ್ರ ದೊಡ್ಡದಾದಷ್ಟೂ ಪತ್ರ ದೊಡ್ಡದು ಎಂಬುದೇ ಅದರ ಅಳತೆ, ನೀರಿನ ಗುಣಕ್ಕೆ ಅದರಲ್ಲಿ ಜಾಗ ಕಡಿಮೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು, ಅದಕ್ಕೂ ಮೊದಲು ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೂ ಸೇರಿದಂತೆ ಊರು, ಗದ್ದೆ, ಅಡಕೆ ತೋಟ, ರಸ್ತೆಗಳೆಲ್ಲ ನೀರಿನಡಿಗೆ ಹೋದಾಗ, ಕರೂರು ಹೋಬಳಿಯ ತುಮರಿ ಸುತ್ತಿನ ಹಳ್ಳಿಗಳು ದ್ವೀಪವಾಗಿ ಉಳಿದವು. ಅಂಬಾರಗೋಡ್ಲು–ಕಳಸವಳ್ಳಿ, ಹಸಿರುಮಕ್ಕಿ, ಮುಪ್ಪಾನೆ ಕಡವುಗಳಲ್ಲಿ ಓಡಿದ ಲಾಂಚುಗಳು ಕಾರವಾರದಲ್ಲಿ ಕೇಂದ್ರ ಕಚೇರಿಯುಳ್ಳ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಆಡಳಿತಕ್ಕೆ ಬಂದದ್ದರಿಂದ, ಬಂಗಾಳದ ನದಿಗಳಿಗಾಗಿ ಹುಟ್ಟಿದ ಮೆಟ್ಟಿಲುಗಳು ಸಾಗರ ತಾಲ್ಲೂಕಿನ ಬ್ಯಾಕೋಡು ದಾರಿಯವರೆಗೆ ಬಂದವು.

ಆದರೆ ಹಿನ್ನೀರು ನದಿಯಲ್ಲ. ಇಲ್ಲಿ ಪ್ರವಾಹದ ಸೆಳೆತ ಇಲ್ಲ. ಬದಲಿಗೆ ದಡವೇ ಸರಿಯುತ್ತದೆ. ಮಳೆಗಾಲದ ಕೊನೆಯಲ್ಲಿ ನೀರು ಗರಿಷ್ಠ ಮಟ್ಟವಾದ 1819 ಅಡಿಯ ಹತ್ತಿರ ಇದ್ದಾಗ ಲಾಂಚಿನ ಮುಂಬಾಗಿಲಿನ ಹಲಗೆ ರಸ್ತೆಗೇ ತಾಗುತ್ತದೆ. ವಿದ್ಯುತ್ತಿಗಾಗಿ ನೀರು ಬಿಡುತ್ತ ಹೋದಂತೆ ಕೆಂಪು ಮಣ್ಣಿನ ಇಳಿಜಾರು ದಿನದಿನಕ್ಕೂ ಉದ್ದವಾಗಿ, ನಿಲ್ಲಿಸುವ ಜಾಗ ಕೆಳಗೆ ಕೆಳಗೆ ಇಳಿದು, ಮುಳುಗಿದ ಮರಗಳ ಬೊಡ್ಡೆಗಳು ಒಂದೊಂದಾಗಿ ತಲೆ ಎತ್ತುತ್ತವೆ. ಯಾವ ಮಟ್ಟದಲ್ಲಿ ಯಾವ ಬೊಡ್ಡೆ ತಳಕ್ಕೆ ಬಡಿಯುತ್ತದೆ, ಬಸ್ಸೊಂದು ಹತ್ತಿದಾಗ ಕಾರುಗಳನ್ನು ಯಾವ ಬದಿಗೆ ಹಾಕಿದರೆ ಲಾಂಚ್ ವಾಲದೆ ನಿಲ್ಲುತ್ತದೆ, ಮಳೆಯ ಗಾಳಿ ಬಯಲು ನೀರಿನ ಮೇಲೆ ಅಡ್ಡ ಬೀಸಿದಾಗ ಎಷ್ಟು ಮೊದಲೇ ಮೂತಿ ತಿರುಗಿಸಬೇಕು ಎಂಬುದೆಲ್ಲ ವರ್ಷಗಟ್ಟಲೆ ಕೈಯಲ್ಲಿ ಕೂತ ವಿದ್ಯೆ. 2023ರ ಜೂನ್‌ನಲ್ಲಿ ಮಳೆ ತಡವಾಗಿ ನೀರು ತೀರ ಇಳಿದಾಗ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸಿಗಂದೂರು ದಾರಿಯ ಲಾಂಚಿನಲ್ಲಿ ವಾಹನ ಸಾಗಣೆಯನ್ನು ನಿಲ್ಲಿಸಬೇಕಾಯಿತು. ದೊಡ್ಡ ಎಂಜಿನ್ನಿಗೆ ಏರುವ ಮೆಟ್ಟಿಲು ಕಾಯಿದೆಯಲ್ಲಿತ್ತು, ಈ ವಿದ್ಯೆಗೆ ಒಂದು ದರ್ಜೆ ಇರಲಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಕೇಬಲ್ ಆಧಾರಿತ ಸೇತುವೆ ಉದ್ಘಾಟನೆಯಾಯಿತು. ರಾತ್ರಿ ಹೊತ್ತು ಹೆರಿಗೆಯ ನೋವು ಬಂದವರಿಗೂ, ಹಾವು ಕಚ್ಚಿದವರಿಗೂ ಸಾಗರದ ಆಸ್ಪತ್ರೆ ದೂರದ ಕನಸಾಗಿದ್ದ ದ್ವೀಪದ ಜನ ಅರುವತ್ತು ವರ್ಷ ಕಾದು ಪಡೆದ ಸೇತುವೆ ಅದು. ಅದನ್ನು ಯಾರೂ ಆಕ್ಷೇಪಿಸುವಂತಿಲ್ಲ. ಲಾಂಚಿನೊಂದಿಗೆ ಆ ನೀರಿನ ತಿಳುವಳಿಕೆಯೂ ಕೈಬಿಟ್ಟು ಹೋಗಲು ಬಿಡುವುದು ಮಾತ್ರ ಆಕ್ಷೇಪಾರ್ಹ.

2021ರ ಒಳನಾಡು ನೌಕೆಗಳ ಕಾಯಿದೆ 1917ರದನ್ನು ರದ್ದುಗೊಳಿಸಿ, ರಾಜ್ಯಕ್ಕೊಂದು ನಿಯಮವಿದ್ದ ಕಡೆ ದೇಶಕ್ಕೆಲ್ಲ ಒಂದೇ ಕಾನೂನು ತಂದು, ಒಂದು ರಾಜ್ಯದಲ್ಲಿ ಮಾಡಿಸಿದ ನೋಂದಣಿಗೆ ಎಲ್ಲ ರಾಜ್ಯಗಳಲ್ಲೂ ಮಾನ್ಯತೆ ಕೊಟ್ಟಿತು. ಯಂತ್ರವಿಲ್ಲದ ದೋಣಿಗಳನ್ನೂ ಸ್ಥಳೀಯ ಆಡಳಿತದ ಮಟ್ಟದಲ್ಲಿ ದಾಖಲಿಸಬೇಕೆಂದು ಹೇಳಿ ಮಂಡಗದ್ದೆಯಂಥ ಊರಿನ ದೋಣಿಯನ್ನೂ ತನ್ನ ಲೆಕ್ಕಕ್ಕೆ ತಂದಿತು. ದೋಣಿಯ ಉದ್ದಗಲಗಳೊಂದಿಗೆ ಅದನ್ನು ನಡೆಸುವವನು ಬಲ್ಲ ಸುಳಿ, ಬಂಡೆ, ಆಳಗಳನ್ನೂ ಆ ದಾಖಲೆ ಪುಸ್ತಕಗಳಲ್ಲಿ ಬರೆದಿಡಲು ಹೆಚ್ಚು ಖರ್ಚೇನೂ ತಗಲದು. ಶರಾವತಿಯಲ್ಲಿ ಈ ಕೆಲಸ ಇನ್ನೂ ತುರ್ತಿನದು: ಮುಳುಗಿದ ಗ್ರಾಮಗಳ ಹಳೆಯ ಸರ್ವೆ ನಕ್ಷೆಗಳನ್ನು ಹರವಿ, ಲಾಂಚ್ ನಡೆಸಿದವರನ್ನು ಅವುಗಳ ಮುಂದೆ ಕೂರಿಸಿ, ಮಟ್ಟ ಮಟ್ಟಕ್ಕೂ ಎಲ್ಲೆಲ್ಲಿ ದಾರಿ, ಎಲ್ಲೆಲ್ಲಿ ಬೊಡ್ಡೆ ಎಂದು ಕಾರವಾರದ ಇಲಾಖೆ ಗುರುತು ಹಾಕಿಸಿಕೊಳ್ಳಬೇಕು, ಅದೂ ಅವರು ನಿವೃತ್ತರಾಗುವ ಮೊದಲೇ.